ಪುಳ್ಳಲೂರಿನ ರಣಭೂಮಿಗೆ ಒಂದು ರಕ್ಷೆ ಬೇಡವೇ?

ಕೀಲ್ಪಾಕಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಕನ್ನಡಿಗರಿಗೆ ಪೂನಮಲ್ಲಿ ಹೈರೋಡು ಊರಿನ ಕಡೆಗೆ ಹೋಗುವ ದಾರಿ. ಅದಕ್ಕೆ ಪೆರಿಯಾರರ ಹೆಸರಿಟ್ಟು ಬಹಳ ಕಾಲವಾಗಿದ್ದರೂ ನಮ್ಮ ಬಾಯಲ್ಲಿ ಹಳೆಯ ಹೆಸರೇ ಉಳಿದುಕೊಂಡಿದೆ. ಬೇಸಗೆಯ ರಜೆ ಬಂತೆಂದರೆ, ದಸರೆ ಹತ್ತಿರವಾಯಿತೆಂದರೆ, ಈ ದಾರಿ ಹಿಡಿದು ಶ್ರೀಪೆರುಂಬುದೂರು ದಾಟಿ ಬೆಂಗಳೂರಿಗೋ ಮೈಸೂರಿಗೋ ಹೊರಡುತ್ತೇವೆ. ಮೈಸೂರಿಗೆ ಹೋದವರು ಶ್ರೀರಂಗಪಟ್ಟಣವನ್ನು ನೋಡದೆ ಬರುವುದುಂಟೆ? ರಂಗನಾಥಸ್ವಾಮಿಯ ದರ್ಶನ ಮುಗಿಸಿ, ದರಿಯಾ ದೌಲತ್ತಿನ ತೋಟದಲ್ಲಿ ಮಕ್ಕಳನ್ನು ಓಡಾಡಲು ಬಿಟ್ಟು, ಆ ಅರಮನೆಯ ಪಡುವಣ ಗೋಡೆಯ ಮುಂದೆ ನಾವೂ ಸ್ವಲ್ಪ ಹೊತ್ತು ನಿಲ್ಲುತ್ತೇವೆ.

ಗೋಡೆಯ ತುಂಬ ಯುದ್ಧ. ಕುದುರೆಗಳು, ಆನೆಗಳು, ತೋಪುಗಳು. ಚೌಕಾಕಾರದ ವ್ಯೂಹ ಕಟ್ಟಿಕೊಂಡು ನಿಂತ ಕೆಂಪು ಅಂಗಿಯ ಸಿಪಾಯಿಗಳು. ಅವರ ನಡುವೆ ಸಿಡಿದ ಮದ್ದಿನ ಬಂಡಿ. ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಇಂಗ್ಲಿಷ್ ಸೇನಾಪತಿ. ತೋರಿಸುವವನು 'ಇದು ಪೊಳ್ಳಿಲೂರು ಯುದ್ಧ' ಎನ್ನುತ್ತಾನೆ. ನಾವು ತಲೆದೂಗಿ ಮುಂದೆ ಸಾಗುತ್ತೇವೆ. ಈ ಪೊಳ್ಳಿಲೂರು ಎಲ್ಲಿದೆ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಅದು ಕರ್ನಾಟಕದಲ್ಲಿಲ್ಲ, ವಾಚಕರೇ. ಅದು ಇಲ್ಲೇ ಇದೆ. ಕಾಂಚೀಪುರದ ಉತ್ತರಕ್ಕೆ, ನಮ್ಮ ಕೀಲ್ಪಾಕಿನಿಂದ ಸುಮಾರು ೭೦ ಕಿಲೋಮೀಟರ್ ಆಸುಪಾಸಿನಲ್ಲಿ. ತಮಿಳರು ಅದನ್ನು ಪುಳ್ಳಲೂರು ಎನ್ನುತ್ತಾರೆ. ಚಿತ್ರವನ್ನು ನೋಡಲು ಮುನ್ನೂರು ಮೈಲಿ ಪ್ರಯಾಣ ಮಾಡುವ ನಾವು, ಚಿತ್ರದಲ್ಲಿರುವ ನೆಲವನ್ನು ಪಕ್ಕದಲ್ಲೇ ಬಿಟ್ಟು ಹೋಗುತ್ತಿದ್ದೇವೆ. ಈ ಸಂಚಿಕೆಯಲ್ಲಿ ಆ ನೆಲದ ಕಥೆಯನ್ನೂ, ಅದಕ್ಕೆ ರಾಷ್ಟ್ರೀಯ ಸ್ಮಾರಕದ ಮನ್ನಣೆ ಸಲ್ಲಬೇಕೇ ಎಂಬ ಪ್ರಶ್ನೆಯನ್ನೂ ಓದುಗರ ಮುಂದಿಡಲು ಬಯಸುತ್ತೇವೆ.

ಮೊದಲು ಕಥೆ. ೧೭೬೯ರಲ್ಲಿ ಹೈದರಾಲಿ ಮದರಾಸಿನ ಬಾಗಿಲವರೆಗೆ ಬಂದು, ಕಂಪನಿಯವರಿಂದ ಒಪ್ಪಂದವೊಂದನ್ನು ಬರೆಸಿಕೊಂಡು ಹೋಗಿದ್ದನು. ಒಬ್ಬರ ಮೇಲೆ ಶತ್ರು ಬಿದ್ದರೆ ಇನ್ನೊಬ್ಬರು ನೆರವಾಗಬೇಕೆಂಬುದು ಅದರ ತಿರುಳು. ಆದರೆ ಮರಾಠರು ಮೈಸೂರಿನ ಮೇಲೆ ಏರಿ ಬಂದಾಗ ಕಂಪನಿಯವರು ಕೈಕಟ್ಟಿ ಕುಳಿತರು. ೧೭೭೯ರಲ್ಲಿ, ಹೈದರನ ರಕ್ಷಣೆಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ಹಿಡಿದರು. ಮರುವರ್ಷ ಜುಲೈ ತಿಂಗಳಲ್ಲಿ ಹೈದರನು ಸುಮಾರು ೮೦,೦೦೦ ದಂಡಿನೊಡನೆ ಘಟ್ಟವಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದನು.

ಮದರಾಸಿನ ಸರ್ಕಾರ ಆಗ ಎರಡು ಸೇನೆಗಳನ್ನು ಒಂದುಗೂಡಿಸಲು ನೋಡಿತು. ಬಕ್ಸಾರಿನಲ್ಲಿ ಗೆದ್ದು ಹೆಸರು ಮಾಡಿದ್ದ ಸರ್ ಹೆಕ್ಟರ್ ಮನ್ರೋ ಪರಂಗಿಮಲೆಯಿಂದ ಹೊರಟು ಕಾಂಚೀಪುರದಲ್ಲಿ ಬೀಡುಬಿಟ್ಟನು. ಕರ್ನಲ್ ವಿಲಿಯಂ ಬೈಲಿ ಗುಂಟೂರಿನ ಕಡೆಯಿಂದ ಬಂದು ಅವನನ್ನು ಕೂಡಿಕೊಳ್ಳಬೇಕಾಗಿತ್ತು. ದಾರಿಯಲ್ಲಿ ಕೊರ್ತಲೈಯಾರು ನದಿ ಉಕ್ಕಿ ಬೈಲಿಯನ್ನು ದಿನಗಟ್ಟಲೆ ತಡೆಯಿತು. ಸೆಪ್ಟೆಂಬರ್ ೩ರಂದು ನದಿ ದಾಟಿದವನನ್ನು ೬ರಂದು ಪೆರಂಬಾಕ್ಕಂ ಬಳಿ ಟಿಪ್ಪು ತಡೆದನು. ಟಿಪ್ಪುವಿಗೆ ಆಗ ಇನ್ನೂ ಮೂವತ್ತರ ಹರೆಯ. ಮನ್ರೋ ತಾನೇ ಹೊರಡುವುದರ ಬದಲು ಕರ್ನಲ್ ಫ್ಲೆಚರನೊಡನೆ ಸಾವಿರದಷ್ಟು ಮಂದಿಯನ್ನು ಬೈಲಿಯ ಸಹಾಯಕ್ಕೆ ಕಳುಹಿಸಿದನು. ಅವರು ಹೋಗಿ ಸೇರಿದರೆಂಬುದು ನಿಜ. ಆದರೆ ಸೆಪ್ಟೆಂಬರ್ ೧೦ರ ಬೆಳಗ್ಗೆ ಬೈಲಿಯ ಸೇನೆ ಪುಳ್ಳಲೂರಿನ ಬಯಲಿಗೆ ಬರುವ ಹೊತ್ತಿಗೆ ಒಂದು ಕಡೆ ಟಿಪ್ಪು, ಇನ್ನೊಂದು ಕಡೆ ಇಡೀ ದಂಡಿನೊಡನೆ ಹೈದರಾಲಿ. ತೋಪುಗಳ ಜೊತೆಗೆ ಮೈಸೂರಿನ ಬಾಣಗಳೂ, ಎಂದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುವ ರಾಕೆಟ್ಟುಗಳೂ, ಸುರಿದವು. ಮದ್ದಿನ ಬಂಡಿಗಳು ಸಿಡಿದವು. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಿತು.

ಬೈಲಿಯ ಜೊತೆಗಿದ್ದವರು ೪,೦೦೦ಕ್ಕೆ ಸ್ವಲ್ಪ ಕಡಿಮೆ. ಅವರಲ್ಲಿ ಸತ್ತವರನ್ನು ಬಿಟ್ಟು ಬಹುತೇಕ ಎಲ್ಲರೂ ಸೆರೆಯಾದರು. ಮನ್ರೋ ಕಾಂಚೀಪುರದಲ್ಲಿ ತನ್ನ ದೊಡ್ಡ ತೋಪುಗಳನ್ನು ಕೊಳಕ್ಕೆ ಹಾಕಿ ಮದರಾಸಿನತ್ತ ಹಿಂದೆಗೆದನು. ಅವನ ಸೇನೆಯಲ್ಲಿ ಅದೇ ವರ್ಷ ಇಂಗ್ಲೆಂಡಿನಿಂದ ಬಂದಿಳಿದ ಒಬ್ಬ ಹುಡುಗನಿದ್ದ. ಅವನ ಹೆಸರೂ ಮನ್ರೋ, ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರ್ ಆಗಿ, ಇಂದಿಗೂ ಮೌಂಟ್ ರೋಡಿನಲ್ಲಿ ರಿಕಾಪಿಲ್ಲದ ಕುದುರೆಯೇರಿ ಕುಳಿತಿರುವವನು ಅವನೇ. ಕರ್ನಲ್ ಬೈಲಿ ೧೭೮೨ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತನು. ಅಲ್ಲಿಯ ನೆಲಮಾಳಿಗೆಯ ಸೆರೆಮನೆಯೊಂದಕ್ಕೆ ಇಂದಿಗೂ ಅವನ ಹೆಸರಿದೆ. ಅದೇ ಬಯಲಿನಲ್ಲಿ ಸೆರೆಸಿಕ್ಕಿದ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ೧೭೮೪ರಲ್ಲಿ ಬಿಡುಗಡೆಯಾಗಿ, ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಯೊಳಕ್ಕೆ ನುಗ್ಗಿದ ದಂಡಿಗೆ ಮುಂದಾಳಾದನು. ನಾಲ್ಕನೆಯ ಮೈಸೂರು ಯುದ್ಧದ ಕೊನೆಯ ದಿನದ ಬೇರು ಪುಳ್ಳಲೂರಿನ ಗದ್ದೆಗಳಲ್ಲಿತ್ತೆಂದರೆ ತಪ್ಪಾಗಲಾರದು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಒಂದು ವರ್ಷ ತುಂಬುವ ಮೊದಲೇ, ೧೭೮೧ರ ಆಗಸ್ಟ್ ೨೭ರಂದು, ಸರ್ ಐರ್ ಕೂಟ್ ಮತ್ತು ಹೈದರಾಲಿ ಅದೇ ನೆಲದಲ್ಲಿ ಎದುರಾದರು. ಹಿಂದಿನ ವರ್ಷ ಬಿದ್ದವರ ಅಸ್ಥಿಗಳು ಇನ್ನೂ ಅಲ್ಲೇ ಚೆಲ್ಲಿದ್ದುದನ್ನು ಕೂಟನ ಸೈನಿಕರು ಕಂಡರು. ಈ ಎರಡನೆಯ ಯುದ್ಧದಲ್ಲಿ ಯಾರಿಗೂ ಪೂರ್ಣ ಜಯ ದೊರೆಯಲಿಲ್ಲ. ಸತ್ತವರಲ್ಲಿ ಕರ್ನಲ್ ಜಾರ್ಜ್ ಬ್ರೌನ್ ಮತ್ತು ಕ್ಯಾಪ್ಟನ್ ಜೇಮ್ಸ್ ಹಿಸ್ಲಪ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳಿದ್ದರು. ಪುಳ್ಳಲೂರಿನಲ್ಲಿ ಇಂದು ಈ ಯುದ್ಧಗಳ ಗುರುತಾಗಿ ನಿಂತಿರುವುದು ಆ ಇಬ್ಬರ ಸ್ಮಾರಕಸ್ತಂಭಗಳು.

ಇದನ್ನು ಓದುಗರು ಸ್ವಲ್ಪ ಯೋಚಿಸಿ ನೋಡಬೇಕು. ಎರಡು ಯುದ್ಧಗಳಲ್ಲಿ ಸತ್ತವರು ಸಾವಿರಾರು. ಮೈಸೂರಿನ ಸೀಮೆಯಿಂದ ಘಟ್ಟವಿಳಿದು ಬಂದು ಹಿಂದಿರುಗದ ಕುದುರೆ ಸವಾರರೆಷ್ಟೋ, ಕಂದಾಚಾರದ ಕಾಲಾಳುಗಳೆಷ್ಟೋ! ಬೈಲಿಯ ಕಡೆಯಲ್ಲಿಯೂ ಕೆಂಪು ಅಂಗಿ ತೊಟ್ಟವರಲ್ಲಿ ಬಹುಪಾಲು ಬಿಳಿಯರಲ್ಲ. ನಮ್ಮ ತೆಲುಗು ತಮಿಳು ನಾಡುಗಳಿಂದ ಕಂಪನಿಯ ಸಂಬಳಕ್ಕೆ ಸೇರಿದ ಸಿಪಾಯಿಗಳು. ಅವರಲ್ಲಿ ಒಬ್ಬನ ಹೆಸರೂ ಆ ಕಲ್ಲುಗಳ ಮೇಲಿಲ್ಲ. ಗೆದ್ದವರ ಚಿತ್ರ ಶ್ರೀರಂಗಪಟ್ಟಣದ ಗೋಡೆಯ ಮೇಲಿದೆ, ಇಬ್ಬರು ದೊರೆಗಳ ಹೆಸರು ಕಂಬದ ಮೇಲಿದೆ, ಮಿಕ್ಕವರೆಲ್ಲ ಮಣ್ಣಿನಲ್ಲಿದ್ದಾರೆ.

ಈ ಮಣ್ಣಿಗೆ ಇನ್ನೂ ಹಳೆಯದೊಂದು ನೆನಪಿದೆ. ಪಲ್ಲವ ನಂದಿವರ್ಮನ ಕಾಶಾಕುಡಿ ತಾಮ್ರಶಾಸನದಲ್ಲಿ, ಅವನ ಪೂರ್ವಿಕ ಮಹೇಂದ್ರವರ್ಮನು ಪುಳ್ಳಲೂರಿನಲ್ಲಿ ತನ್ನ ಮುಖ್ಯ ಶತ್ರುಗಳನ್ನು ನಾಶಮಾಡಿದನೆಂದು ಹೇಳಿದೆ. ಶತ್ರು ಯಾರೆಂದು ಶಾಸನ ಹೆಸರಿಸುವುದಿಲ್ಲ. ಆದರೆ ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನ, ಕ್ರಿ. ಶ. ೬೩೪ರದು, ಪಲ್ಲವರ ದೊರೆಯನ್ನು ಕಾಂಚಿಯ ಕೋಟೆಯೊಳಗೆ ಅಡಗುವಂತೆ ಮಾಡಿದೆವೆಂದು ಹೆಮ್ಮೆಪಡುತ್ತದೆ. ಎರಡನ್ನೂ ಕೂಡಿಸಿ ನೋಡಿದ ಇತಿಹಾಸಕಾರರಲ್ಲಿ ಹಲವರು, ಪುಳ್ಳಲೂರಿನಲ್ಲಿ ಕಾದಿದವರು ಬಾದಾಮಿಯ ಚಾಲುಕ್ಯರೇ ಎಂದು ತೀರ್ಮಾನಿಸಿದ್ದಾರೆ. ಹಾಗಾದರೆ ಕನ್ನಡ ನಾಡಿನ ದಂಡು ಈ ಊರಿಗೆ ಬಂದದ್ದು ೧೭೮೦ರಲ್ಲಿ ಮೊದಲ ಬಾರಿಯಲ್ಲ. ಸಾವಿರದ ನೂರು ವರ್ಷಗಳಿಗೂ ಹಿಂದೆ ಒಮ್ಮೆ ಬಂದಿತ್ತು. ಆಗ ಗೆದ್ದವರು ಯಾರೆಂದು ಎರಡು ಶಾಸನಗಳೂ ತಮ್ಮ ತಮ್ಮ ಕಡೆಗೇ ಹೇಳಿಕೊಳ್ಳುತ್ತವೆ. ಅದೇನೂ ಆಶ್ಚರ್ಯವಲ್ಲ.

ಇಂಥ ನೆಲಕ್ಕೆ ದೇಶದ ಮನ್ನಣೆ ಬೇಡವೇ? ಬೇರೆ ದೇಶಗಳಲ್ಲಿ ರಣಭೂಮಿಗಳನ್ನು ಹೇಗೆ ಕಾಪಾಡಿದ್ದಾರೆಂಬುದನ್ನು ಸ್ವಲ್ಪ ನೋಡೋಣ. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು ಕಾಲು ಶತಮಾನವಾದ ಮೇಲೆ, ೧೮೯೦ರಲ್ಲಿ, ಚಿಕಮಾಗಾ ಎಂಬಲ್ಲಿ ಮೊದಲ ರಾಷ್ಟ್ರೀಯ ಸೈನಿಕ ಉದ್ಯಾನವನ್ನು ಮಾಡಿದರು. ಅದರಲ್ಲಿ ಮುಂದಾಗಿ ನಿಂತವರು ಅಲ್ಲಿ ಪರಸ್ಪರ ಗುಂಡು ಹಾರಿಸಿದ್ದ ಎರಡೂ ಕಡೆಯ ಹಳೆಯ ಸೈನಿಕರು. ೧೮೯೫ರಲ್ಲಿ ಗೆಟಿಸ್‌ಬರ್ಗಿನ ಸರದಿ ಬಂತು. ೧೯೩೩ರಲ್ಲಿ ಇವೆಲ್ಲ ಸೈನ್ಯದ ಇಲಾಖೆಯಿಂದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಸೇರಿದವು. ಗೆಟಿಸ್‌ಬರ್ಗಿನ ಹೊಲಗಳಲ್ಲಿ ಇಂದಿಗೂ ಗುತ್ತಿಗೆಯ ಮೇಲೆ ಬೇಸಾಯ ನಡೆಯುತ್ತದೆ. ಯುದ್ಧದ ದಿನ ಪೈರಿದ್ದ ಕಡೆ ಪೈರಿರಬೇಕೆಂಬುದೇ ಅವರ ಆಶಯ. ಇಂಗ್ಲೆಂಡಿನಲ್ಲಿ ೧೯೯೫ರಲ್ಲಿ ಐತಿಹಾಸಿಕ ರಣಭೂಮಿಗಳದೇ ಒಂದು ಪಟ್ಟಿ ಮಾಡಿದರು. ಈಗ ಅದರಲ್ಲಿ ೪೦ಕ್ಕೂ ಹೆಚ್ಚು ಬಯಲುಗಳಿವೆ. ಆ ಪಟ್ಟಿ ಯಾರ ಭೂಮಿಯನ್ನೂ ಕಿತ್ತುಕೊಳ್ಳುವುದಿಲ್ಲ. ಅಲ್ಲಿ ಏನನ್ನಾದರೂ ಕಟ್ಟುವ ಮುನ್ನ ಅಧಿಕಾರಿಗಳು ಅದನ್ನು ತೆರೆದು ನೋಡಬೇಕು, ಅಷ್ಟೆ.

ನಮ್ಮಲ್ಲಿ 'ರಾಷ್ಟ್ರೀಯ ಉದ್ಯಾನ' ಎಂಬ ಮಾತಿಗೆ ಬೇರೆಯೇ ಅರ್ಥ. ೧೯೭೨ರ ವನ್ಯಜೀವಿ ಕಾಯಿದೆಯಂತೆ ಅದು ಮೃಗಪಕ್ಷಿಗಳಿಗೆ ಮೀಸಲು. ನಮ್ಮ ಗಿಂಡಿಯಲ್ಲೇ ಅಂಥದೊಂದಿದೆಯಲ್ಲ! ಜಿಂಕೆಗೆ ಉದ್ಯಾನವುಂಟು, ಇತಿಹಾಸಕ್ಕೆ ಉದ್ಯಾನವಿಲ್ಲ. ಇತಿಹಾಸದ ಕುರುಹುಗಳಿಗೆ ಇರುವುದು ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆ. ಅದರಡಿ ಕೋಟೆ, ಗುಡಿ, ಗೋರಿ, ಶಾಸನಗಳಿಗೆ ರಕ್ಷಣೆ ದೊರೆಯುತ್ತದೆ. ಗೋಡೆಯಿಲ್ಲದ ಬಯಲಿಗೆ? ಅಲ್ಲೇ ನಮಗೊಂದು ದಾರಿ ಕಾಣುತ್ತದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ಅವಶೇಷಗಳು ಇವೆಯೆಂದು ನಂಬಲು ತಕ್ಕ ಕಾರಣವಿರುವ ನೆಲವನ್ನೂ ಆ ಕಾಯಿದೆ 'ಪುರಾತತ್ವ ನಿವೇಶನ' ಎಂದು ಒಪ್ಪುತ್ತದೆ. ತಮಿಳುನಾಡಿಗೆ ೧೯೬೬ರ ತನ್ನದೇ ಕಾಯಿದೆಯೂ ಇದೆ. ಅಂದರೆ ಪುಳ್ಳಲೂರಿನ ಮಣ್ಣಿನಲ್ಲಿ ಏನಾದರೂ ಉಳಿದಿದೆಯೇ ಎಂದು ಮೊದಲು ನೋಡಬೇಕು.

ಮಣ್ಣು ಏನನ್ನು ಉಳಿಸಿಕೊಳ್ಳಬಲ್ಲದೆಂಬುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯ ನಗರವೇ ಸಾಕ್ಷಿ. ೨೦೧೮ರಲ್ಲಿ ಅಲ್ಲಿಯ ಒಂದು ಹಾಳುಬಾವಿಯಲ್ಲಿ ಅಗೆದಾಗ ಮೈಸೂರಿನ ಬಾಣಗಳ ಕಬ್ಬಿಣದ ಕೊಳವೆಗಳು ಸಾವಿರದಷ್ಟು ದೊರೆತವು. ಎರಡು ಶತಮಾನ ಕೆಸರಿನಲ್ಲಿ ಬಿದ್ದಿದ್ದರೂ ಅವು ಕರಗಿರಲಿಲ್ಲ. ಪುಳ್ಳಲೂರಿನಲ್ಲಿ ಸುರಿದ ಗುಂಡುಗಳೂ ಬಾಣಗಳೂ ಒಂದೂ ಉಳಿದಿಲ್ಲವೆಂದು ಹುಡುಕದೆಯೇ ಹೇಳುವುದು ಹೇಗೆ?

ಬೆಲೆಯ ಮಾತನ್ನೂ ಆಡಿಬಿಡೋಣ. ದರಿಯಾ ದೌಲತ್ತಿನ ಚಿತ್ರಕ್ಕೆ ಸಂಬಂಧಿಸಿದ, ಕಾಗದದ ಮೇಲೆ ಬರೆದ ಪುಳ್ಳಲೂರು ಯುದ್ಧದ ದೊಡ್ಡ ಚಿತ್ರವೊಂದು ೨೦೨೨ರ ಮಾರ್ಚಿನಲ್ಲಿ ಲಂಡನ್ನಿನ ಹರಾಜಿನಲ್ಲಿ ೬,೩೦,೦೦೦ ಪೌಂಡುಗಳಿಗೆ ಮಾರಾಟವಾಯಿತು. ಗೋಡೆಯ ಚಿತ್ರದ ಮೇಲೂ ಆಸ್ಥೆಗೆ ಕೊರತೆಯಿಲ್ಲ. ಅದು ಮಾಸಿದಾಗ ಸೋತವರ ಕಡೆಯವನೇ ಆದ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದನು. ೧೮೫೫ರಲ್ಲಿ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದನು. ೨೦೧೪ರಲ್ಲಿ ಶ್ರೀರಂಗಪಟ್ಟಣದ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿವೆ. ೨೦೧೭ರಲ್ಲಿ ಜೋಡಿ ರೈಲುಹಳಿಗೆ ಅಡ್ಡವಾದ ಟಿಪ್ಪುವಿನ ಮದ್ದಿನಮನೆಯನ್ನು ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. ಮೆಚ್ಚಬೇಕಾದ ಕೆಲಸ. ಆದರೆ ಕಟ್ಟಡವನ್ನು ಎತ್ತಿ ಬೇರೆ ಕಡೆ ಇಡಬಹುದು, ಬಯಲನ್ನು ಇಡಲಾಗುವುದಿಲ್ಲ. ಅದು ಒಮ್ಮೆ ಸೈಟುಗಳಾಗಿ ಹಂಚಿಹೋಯಿತೆಂದರೆ ಮುಗಿಯಿತು.

ಮದರಾಸು ಪಡುವಣಕ್ಕೆ ಬೆಳೆಯುತ್ತಿರುವ ವೇಗ ಕೀಲ್ಪಾಕಿನವರಿಗೆ ಹೇಳಬೇಕಾದುದಿಲ್ಲ. ಶ್ರೀಪೆರುಂಬುದೂರು ನಮ್ಮ ಕಣ್ಣೆದುರಿಗೇ ಕಾರ್ಖಾನೆಗಳ ಊರಾಯಿತು. ಕಾಂಚೀಪುರ ಜಿಲ್ಲೆಯ ಪರಂದೂರಿನಲ್ಲಿ ಹೊಸ ವಿಮಾನ ನಿಲ್ದಾಣ ಮಾಡುವುದಾಗಿ ೨೦೨೨ರಲ್ಲಿ ಪ್ರಕಟವಾಗಿದೆ. ಅಲ್ಲಿಯ ಹಳ್ಳಿಗರು ಗದ್ದೆ ಕೆರೆಗಳು ಹೋಗುತ್ತವೆಂದು ವರ್ಷಗಟ್ಟಲೆ ಪ್ರತಿಭಟಿಸಿದ್ದಾರೆ.

ಇಲ್ಲಿಯೇ ನಾವು ನಮ್ಮ ಸಲಹೆಯನ್ನು ನಾವೇ ಒರೆಗೆ ಹಚ್ಚಿ ನೋಡಬೇಕಾಗಿದೆ. ವಿಮಾನಕ್ಕಾಗಿ ಭೂಮಿ ಹೋದೀತೆಂದು ಅಂಜಿರುವ ಸೀಮೆಯ ರೈತನ ಬಳಿಗೆ ಹೋಗಿ 'ಇತಿಹಾಸಕ್ಕಾಗಿ ನಿಮ್ಮ ಭೂಮಿ ಕೊಡಿ' ಎಂದರೆ ಅವನಿಗೆ ಎರಡರಲ್ಲೂ ಭೇದ ಕಾಣುವುದಿಲ್ಲ. ೨೦೧೦ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಅದರಾಚೆಯ ೨೦೦ ಮೀಟರಿನಲ್ಲಿ ಅನುಮತಿ ಬೇಕು. ಇಡೀ ಬಯಲಿಗೆ ಇದನ್ನು ಹೊರಿಸಿದರೆ ಮಗನ ಮದುವೆಗೆ ಮನೆಗೊಂದು ಕೋಣೆ ಕೂಡಿಸಲೂ ಆ ರೈತ ದೆಹಲಿಯತ್ತ ನೋಡಬೇಕಾದೀತು. ಆದುದರಿಂದ ಬೇಲಿ ಹಾಕಿ, ಟಿಕೆಟ್ಟು ಹರಿದು ಕೊಡುವ ಉದ್ಯಾನವನ್ನು ನಾವು ಬೇಡುವುದಿಲ್ಲ. ಪೈರೇ ಆ ನೆಲಕ್ಕೆ ಒಳ್ಳೆಯ ರಕ್ಷೆ. ಗದ್ದೆ ಗದ್ದೆಯಾಗಿಯೇ ಉಳಿಯಲಿ.

ಎರಡನೆಯ ಆಕ್ಷೇಪ ನಮ್ಮೊಳಗಿನಿಂದಲೇ ಬರಬೇಕಾದುದು. ಪುಳ್ಳಲೂರು ಕನ್ನಡಿಗರ ವಿಜಯವೆಂದು ಎದೆಯುಬ್ಬಿಸುವುದು ಸುಲಭ. ಆದರೆ ೧೭೮೦ರ ಆ ದಂಡಯಾತ್ರೆಯಲ್ಲಿ ಆರ್ಕಾಟಿನ ಸೀಮೆಯ ಹಳ್ಳಿಗಳು ಉರಿದವು, ಪೈರು ಸುಟ್ಟುಹೋಯಿತು, ಕೆರೆಗಳು ಹಾಳಾದವು, ಜನರು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಮದರಾಸಿಗೆ ಓಡಿಬಂದರು. ಹೈದರನ ಹೆಸರು ಇಲ್ಲಿಯ ಅಜ್ಜಿಯರಿಗೆ ವೀರನ ಹೆಸರಾಗಿರಲಿಲ್ಲ. ಅವರ ನೆಲದಲ್ಲಿ, ಅವರ ಅನ್ನ ಉಂಡು ಬದುಕುತ್ತಿರುವ ನಾವು ಅವರ ಸಂಕಟದ ಮೇಲೆ ನಮ್ಮ ಬಾವುಟ ನೆಡಬಾರದು. ಕೆನಡಾದ ಕ್ವಿಬೆಕ್ಕಿನಲ್ಲಿ ೧೯೦೮ರಿಂದಲೂ ಒಂದು ರಣಭೂಮಿಯ ಉದ್ಯಾನವಿದೆ. ೧೭೫೯ರಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ಜಾಗ ಅದು. ೨೦೦೯ರಲ್ಲಿ, ೨೫೦ ವರ್ಷ ತುಂಬಿದಾಗ, ಆ ಯುದ್ಧವನ್ನು ವೇಷ ಹಾಕಿ ಮತ್ತೆ ಆಡಿ ತೋರಿಸಲು ಹೊರಟರು. ಅಲ್ಲಿಯ ಫ್ರೆಂಚ್ ಜನ ನೊಂದು ವಿರೋಧಿಸಿದರು, ಆಟವನ್ನು ಕೈಬಿಡಬೇಕಾಯಿತು. ಉದ್ಯಾನ ಮಾತ್ರ ಎಲ್ಲರದಾಗಿ ಉಳಿದಿದೆ. ನಮಗೆ ಇದರಲ್ಲಿ ಪಾಠವಿದೆ.

ಹಾಗಾದರೆ ನಾವು ಕೇಳುವುದೇನು? ಮೂರೇ ಮಾತು. ಒಂದು, ಪುರಾತತ್ವ ಇಲಾಖೆಯವರು ಪುಳ್ಳಲೂರಿನ ಬಯಲನ್ನು ರೈತರ ಒಪ್ಪಿಗೆಯಿಂದ, ಪೈರು ಇಲ್ಲದ ತಿಂಗಳುಗಳಲ್ಲಿ ಸರ್ವೆ ಮಾಡಲಿ. ಯಾವ ದಂಡು ಎಲ್ಲಿ ನಿಂತಿತ್ತೆಂದು ನಕ್ಷೆ ಬರೆಯಲಿ. ಎರಡು, ಇಂಗ್ಲೆಂಡಿನಂತೆ ನಮ್ಮ ದೇಶವೂ ರಣಭೂಮಿಗಳದೇ ಒಂದು ರಾಷ್ಟ್ರೀಯ ಪಟ್ಟಿ ಮಾಡಲಿ. ಪಾಣಿಪತ್ತಿನಲ್ಲಿ, ಪ್ಲಾಸಿಯಲ್ಲಿ ಸ್ಮಾರಕಗಳಿವೆ. ಅವುಗಳ ಸಾಲಿನಲ್ಲಿ ಪುಳ್ಳಲೂರಿನ ಹೆಸರೂ ಇರಲಿ. ಬೇಸಾಯಕ್ಕೆ ಅಡ್ಡಿಯಿಲ್ಲದೆ, ದೊಡ್ಡ ಕಟ್ಟಡಕ್ಕೆ ಮಾತ್ರ ತಡೆಯಿರುವಂತೆ ಆ ಪಟ್ಟಿಗೆ ನಿಯಮ ಮಾಡಬಹುದು. ಮೂರು, ಆ ಎರಡು ಇಂಗ್ಲಿಷ್ ಸ್ತಂಭಗಳಿಗೆ ಕೈ ಹಚ್ಚದೆ, ಅವುಗಳ ಸಮೀಪದಲ್ಲಿ ಒಂದು ಕಲ್ಲು ನಿಲ್ಲಲಿ. ತಮಿಳು, ಕನ್ನಡ, ತೆಲುಗು, ಇಂಗ್ಲಿಷ್ ನಾಲ್ಕರಲ್ಲೂ ಅದು ಹೇಳಲಿ: ಇಲ್ಲಿ ಎರಡೂ ಕಡೆಯವರು ಸತ್ತರು, ಊರಿನವರೂ ನೊಂದರು.

ಕಲ್ಲಿನ ಮೇಲೆ ಏನು ಬರೆಸಬೇಕೆಂಬುದಕ್ಕೆ ನಮ್ಮ ಹಿರಿಯರೇ ಒಂದು ಮಾದರಿ ಬಿಟ್ಟುಹೋಗಿದ್ದಾರೆ. ಅದನ್ನು ನೋಡಲು ಪುಳ್ಳಲೂರಿನಿಂದ ಕಾಂಚೀಪುರಕ್ಕೆ ಹಿಂದಿರುಗಿದರೆ ಸಾಕು. ಪುಲಕೇಶಿಯ ನಂತರ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು, ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದನು. ಅದು ೬೪೨ರ ಸುಮಾರಿನ ಮಾತು. ಮುಂದೆ ನೂರು ವರ್ಷದೊಳಗೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಾಂಚಿಯನ್ನು ಗೆದ್ದನು. ಸೇಡಿಗೆ ಸೇಡು ತೀರಿಸುವ ಹೊತ್ತು. ಆದರೆ ಅವನು ರಾಜಸಿಂಹೇಶ್ವರದೊಳಗೆ, ಎಂದರೆ ಇಂದಿನ ಕೈಲಾಸನಾಥನ ಗುಡಿಯೊಳಗೆ ಹೋಗಿ, ದೇವರ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟನು. ಆ ಗುಡಿಯ ಮಂಟಪದ ಕಂಬವೊಂದರ ಮೇಲೆ ಅದನ್ನು ಕನ್ನಡದಲ್ಲಿ ಕೆತ್ತಿಸಿದನು. ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ತಮಿಳರು ಆ ಕನ್ನಡ ಶಾಸನವನ್ನು ತಮ್ಮ ಗುಡಿಯಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಕೊಂದದ್ದನ್ನು ಬರೆಸಿದ್ದರೆ ಅದನ್ನು ಯಾರು ಉಳಿಸುತ್ತಿದ್ದರೋ ನಾವರಿಯೆವು.

ನಮ್ಮ ಮನೆಗಳಲ್ಲಿ ಮದುವೆ ಗೊತ್ತಾದರೆ ಸೀರೆಗಾಗಿ ಕಾಂಚೀಪುರಕ್ಕೆ ಹೋಗುವ ಪದ್ಧತಿ ಇದ್ದೇ ಇದೆ. ಮುಂದಿನ ಸಲ ಹೋದಾಗ ಸೀರೆ ಆರಿಸುವ ಕೆಲಸವನ್ನು ಹೆಂಗಸರಿಗೆ ಬಿಟ್ಟು ಅಂಗಡಿಯ ಜಗಲಿಯಲ್ಲಿ ಆಕಳಿಸುತ್ತಾ ಕೂರುವ ಗಂಡಸರಿಗೆ ನಮ್ಮದೊಂದು ವಿನಂತಿ. ಮಕ್ಕಳನ್ನು ಕರೆದುಕೊಂಡು ಮೊದಲು ಕೈಲಾಸನಾಥನ ಗುಡಿಗೆ ಹೋಗಿ ಆ ಕನ್ನಡ ಅಕ್ಷರಗಳನ್ನು ತೋರಿಸಿ. ಆಮೇಲೆ ಪುಳ್ಳಲೂರಿಗೆ ಹೋಗಿ, ಊರಿನವರನ್ನು ವಿಚಾರಿಸಿ, ಅವರ ಬದುಗಳನ್ನು ತುಳಿಯದೆ ಆ ಎರಡು ಕಂಬಗಳನ್ನು ನೋಡಿ ಬನ್ನಿ. ಸರ್ಕಾರಕ್ಕೆ ಬರೆಯುವ ಮನವಿಗೆ ಸಹಿ ಹಾಕುವವರು, ಆ ನೆಲದ ಮೇಲೆ ಒಮ್ಮೆಯಾದರೂ ನಿಂತವರಾಗಿದ್ದರೆ ಮನವಿಗೂ ತೂಕ ಬರುತ್ತದೆ.